ಹೊಳೆ ನೀರು ಪರೀಕ್ಷೆ ಕಿಟ್: ಮಕ್ಕಳಿಗೆ ಪೂರ್ತಿ ಇಷ್ಟ, ನನಗೆ ಅರ್ಧ

ಹರಿಹರದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ತುಂಗಭದ್ರೆ ಎಷ್ಟು ಕೆಟ್ಟಿದೆ ಅಂತ ಮಕ್ಕಳೇ ನೋಡಲಿ ಎಂದು ಈ ಕಿಟ್ ತರಿಸಿದೆವು. ಡಬ್ಬಿಯಲ್ಲಿ ನೀರು ಹುಳಿಯೋ ಕ್ಷಾರವೋ ನೋಡುವ ಪಿಎಚ್ ಪಟ್ಟಿ, ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್, ನೈಟ್ರೇಟ್ ಪತ್ತೆ ಮಾಡುವ ಪುಡಿ, ನೀರಲ್ಲಿ ಕರಗಿದ ಆಮ್ಲಜನಕ ಅಳೆಯುವ ಬಾಟಲಿಗಳು, ಬ್ಯಾಕ್ಟೀರಿಯಾ ನೋಡುವ ಸಣ್ಣ ಶೀಶೆಗಳು ಬರುತ್ತವೆ.

ಆಮ್ಲಜನಕದ ಪರೀಕ್ಷೆ ಒಂದಕ್ಕೇ ಕೊಟ್ಟ ದುಡ್ಡು ವಸೂಲಿ. ಬಾಟಲಿ ತುಂಬಿಸಿ ಎರಡು ದ್ರಾವಣ ಹನಿ ಹಾಕಿ ಮುಚ್ಚಿದರೆ ಒಳಗೆ ಗಸಿ ಕಟ್ಟುತ್ತದೆ. ಆಮ್ಲಜನಕ ಇದ್ದರೆ ಗಸಿ ಕಂದು, ಇಲ್ಲದಿದ್ದರೆ ಬಿಳಿ. ಹೊಳೆ ಹರಿಯುವ ಕಡೆ ತೆಗೆದದ್ದು ಗಾಢ ಕಂದು ಬಂತು, ಚರಂಡಿ ನೀರು ಬಂದು ನಿಲ್ಲುವ ಮಡುವಿನದು ಹೆಚ್ಚುಕಡಿಮೆ ಬಿಳಿ. ಎರಡು ಬಾಟಲಿ ಪಕ್ಕಪಕ್ಕ ಇಟ್ಟಾಗ ನಾನು ಏನೂ ವಿವರಿಸಬೇಕಾಗಲಿಲ್ಲ, "ಸರ್, ಇಲ್ಲಿ ಮೀನು ಹೆಂಗೆ ಬದುಕ್ತಾವೆ?" ಅಂತ ಅವರೇ ಕೇಳಿದರು. ಸ್ನಾನಕ್ಕೆ ಯೋಗ್ಯ ಅನ್ನಬೇಕಾದರೆ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಇರಬೇಕು ಅನ್ನುವುದು ನಮ್ಮ ದೇಶದ ಮಾನದಂಡ, ಅದನ್ನು ಮೊದಲೇ ಹೇಳಿಕೊಟ್ಟಿರಿ.

ಆದರೆ ಸೂಚನೆ ಹಾಳೆ ಬಹಳ ಕಳಪೆ. ಇಂಗ್ಲಿಷ್, ಹಿಂದಿ ಮಾತ್ರ, ಕನ್ನಡ ಇಲ್ಲ. ಬಕೆಟ್‌ನಲ್ಲಿ ನೀರು ಎತ್ತಿ ಬಾಟಲಿಗೆ ಸುರಿದರೆ ಗಾಳಿ ಸೇರಿ ಅಳತೆ ಸುಳ್ಳಾಗುತ್ತದೆ, ಬಾಟಲಿಯನ್ನು ನೀರೊಳಗೇ ಮುಳುಗಿಸಿ ಗುಳ್ಳೆ ಉಳಿಯದಂತೆ ಮುಚ್ಚಬೇಕು ಎಂಬ ಮುಖ್ಯ ಮಾತೇ ಅದರಲ್ಲಿ ಇಲ್ಲ. ಹೊತ್ತಿನ ವಿಷಯವೂ ಇಲ್ಲ. ಪಾಚಿ ಇರುವ ಕಡೆ ಮಧ್ಯಾಹ್ನ ಆಮ್ಲಜನಕ ಏರುತ್ತದೆ, ಬೆಳಗಿನ ಜಾವ ಇಳಿಯುತ್ತದೆ, ಹಾಗಾಗಿ ಎಲ್ಲ ಜಾಗದಲ್ಲೂ ಒಂದೇ ಹೊತ್ತಿಗೆ ನೀರು ತೆಗೆಯಿರಿ. ಗಸಿ ಕರಗಿಸಲು ಆಮೇಲೆ ಹಾಕುವ ಮೂರನೇ ದ್ರಾವಣ ಸಲ್ಫ್ಯೂರಿಕ್ ಆಮ್ಲ! ಅದರ ಜೊತೆಗೆ ಕೊಟ್ಟಿರುವುದು ಒಂದೇ ಜೊತೆ ಗ್ಲೌಸ್, ಅದೂ ದೊಡ್ಡವರ ಅಳತೆದು. ಆಮ್ಲ ಹಾಕುವ ಕೆಲಸ ಮೇಷ್ಟ್ರೇ ಮಾಡಬೇಕು, ಮಕ್ಕಳ ಕೈಗೆ ಕೊಡಬೇಡಿ.

ಟಿಡಿಎಸ್ ಪೆನ್ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಡಬ್ಬಿ ಮೇಲೆ ಅದರದ್ದೇ ದೊಡ್ಡ ಫೋಟೊ. ಮಕ್ಕಳು ಹೊಳೆ ನೀರಿಗೆ ಅದ್ದಿದರು, ಆಮೇಲೆ ಶಾಲೆ ಬೋರ್‌ವೆಲ್ ನೀರಿಗೆ ಅದ್ದಿದರು, ಬೋರ್‌ವೆಲ್‌ದೇ ಜಾಸ್ತಿ ಬಂತು. ಹಾಗಾದರೆ ಹೊಳೆ ನೀರೇ ಶುದ್ಧ ಅಂತ ತೀರ್ಮಾನ ಮಾಡಿಬಿಟ್ಟರು! ಪೆನ್ ಲೆಕ್ಕ ಹಾಕುವುದು ಕರಗಿದ ಲವಣ ಮಾತ್ರ, ನಮ್ಮ ಕಡೆ ಬೋರ್ ನೀರು ಗಡಸು ಅಲ್ವಾ, ಅದಕ್ಕೆ ಅಂಕಿ ಏರುತ್ತದೆ. ಮಲದ ರೋಗಾಣು ಎಷ್ಟಿದ್ದರೂ ಪೆನ್ನಿಗೆ ಗೊತ್ತೇ ಆಗುವುದಿಲ್ಲ.

ಅದಕ್ಕೆ ಆ ಶೀಶೆಗಳು ಬೇಕು. ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ, ಕಪ್ಪಾದರೆ ಮಲದ ಬ್ಯಾಕ್ಟೀರಿಯಾ ಇರುವ ಶಂಕೆ ಅಂತ ಅರ್ಥ. ಸ್ನಾನಘಟ್ಟದ ಹತ್ತಿರ ತುಂಬಿದ್ದು ಮಾರನೇ ದಿನಕ್ಕೇ ಕಪ್ಪಾಗಿತ್ತು. ಎಷ್ಟು ಅಂತ ಇದು ಹೇಳುವುದಿಲ್ಲ, ಇದೆಯೋ ಇಲ್ಲವೋ ಅಷ್ಟೇ. ಕೊಟ್ಟಿರುವ ಶೀಶೆಗಳು ತೀರಾ ಕಡಿಮೆ, ಒಂದು ತರಗತಿಗೆ ಸಾಲಲ್ಲ. ಕೆಲಸ ಮುಗಿದ ಮೇಲೆ ಬ್ಲೀಚಿಂಗ್ ಪುಡಿ ಹಾಕಿ ಚೆಲ್ಲಿ, ಹಾಳೆಯಲ್ಲಿ ಅದನ್ನೂ ಬರೆದಿಲ್ಲ.

ನೈಟ್ರೇಟ್ ಪುಡಿ ಕುಡಿಯುವ ನೀರಿಗೆ ಸರಿ, ಅಲ್ಲಿ ಮಿತಿ ಲೀಟರಿಗೆ 45 ಮಿಲಿಗ್ರಾಂ. ಹೊಳೆಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಇರುವಾಗ ಚಾರ್ಟ್‌ನ ಮೊದಲ ಎರಡು ಬಣ್ಣದ ನಡುವೆ ವ್ಯತ್ಯಾಸವೇ ಕಾಣಿಸಲ್ಲ. ಫಾಸ್ಫೇಟ್ ಪರೀಕ್ಷೆ ಕೊಟ್ಟೇ ಇಲ್ಲ. ಭದ್ರಾ ನಾಲೆ ಕೆಳಗಿನ ಭತ್ತದ ಗದ್ದೆಗಳ ಗೊಬ್ಬರ ಬೆರೆತ ನೀರೆಲ್ಲ ಹಳ್ಳ ಹಿಡಿದು ಹೊಳೆಗೇ ಬರುವ ನಮ್ಮಂಥ ಊರಿಗೆ ಅದು ಬೇಕೇ ಬೇಕಿತ್ತು. ಸೂಳೆಕೆರೆಯಿಂದ ಬರುವ ಹರಿದ್ರಾ ಹಳ್ಳದ ನೀರಿಗೂ ಹಚ್ಚಿ ನೋಡಬಹುದಿತ್ತು.

ಪಿಎಚ್ ಪಟ್ಟಿ ಪರವಾಗಿಲ್ಲ.

ಐದಕ್ಕೆ ಮೂರು ಸ್ಟಾರ್. ಚಿತ್ರದುರ್ಗದ ಕಡೆ ಶಾಲೆಯವರು ಬೋರ್ ನೀರು ನೋಡಲು ತರಿಸುವುದಾದರೆ ಫ್ಲೋರೈಡ್ ಪರೀಕ್ಷೆ ಇರುವ ಕಿಟ್ ಕೇಳಿ, ಇದರಲ್ಲಿ ಅದಿಲ್ಲ. ಹೊಳೆಗೆ ಅಂತಾದರೆ ಆಮ್ಲಜನಕದ ದ್ರಾವಣ, ಶೀಶೆ ಎರಡನ್ನೇ ಬಿಡಿಯಾಗಿ ತಗೊಳ್ಳುವುದು ಮೇಲು. ರೀಫಿಲ್ ಸಿಗುತ್ತದೆ ಅಂತ ಡಬ್ಬಿ ಮೇಲೇನೋ ಬರೆದಿದ್ದಾರೆ, ಮಾರಿದವರನ್ನು ಕೇಳಿದರೆ ಪೂರ್ತಿ ಕಿಟ್ಟೇ ಇನ್ನೊಂದು ತಗೊಳ್ಳಿ ಅನ್ನುತ್ತಾರೆ.