ಲೋಟಸ್ ಟೆಂಪಲ್, ಗುರುಗಳ ಜೊತೆ ಹೋಗೋರಿಗೆ

ವಯಸ್ಸಾದ ಗುರುಗಳನ್ನ ಕರ್ಕೊಂಡು ಮುಂಬೈಯಿಂದ ದಿಲ್ಲಿಗೆ ಹೋಗೋರಿದ್ರೆ ಎಲ್ಲ ಧರ್ಮಗಳ ಮೂಲ ಒಂದೇ ಅನ್ನೋ ಬಹಾಯಿ ಧರ್ಮದವರ ಲೋಟಸ್ ಟೆಂಪಲ್ ಬಿಡ್ಬೇಡಿ, ಆದ್ರೆ ಮಧ್ಯಾಹ್ನದ ಬಿಸಿಲಲ್ಲಿ ಮಾತ್ರ ಬೇಡ. ಗೇಟಿಂದ ಒಳಗೆ ಸುಮಾರು ನಡೀಬೇಕು, ಚಪ್ಪಲಿ ಕೆಳಗೇ ಬಿಡ್ಬೇಕು, ಆಮೇಲೆ ಮೆಟ್ಟಿಲು ಬೇರೆ. ನಾವು ಹೋದಾಗ ನಮ್ಮ ಡೊಂಬಿವ್ಲಿ ಹುಡುಗರು ಕೈ ಹಿಡಿಯೋಕೆ ಹೋದ್ರೆ "ಬೇಡಪ್ಪ, ನೀವು ನಿಮ್ಮ ಫೋನ್ ನೋಡ್ಕೊಳ್ಳಿ" ಅಂತ ಗುರುಗಳು ತಾವೇ ಸರಸರ ಹತ್ತಿದ್ರು.

ಒಳಗೆ ಮೂರ್ತಿ ಇಲ್ಲ, ಮಂಗಳಾರತಿ ಇಲ್ಲ, ಪ್ರವಚನನೂ ಇಲ್ಲ, ಹಾಗಾಗಿ ನಮ್ ಗುರುಗಳಿಗೆ ಮಾತಾಡೋ ಚಾನ್ಸೇ ಸಿಗ್ಲಿಲ್ಲ ಬಿಡಿ! ಪ್ರಾರ್ಥನೆ ಟೈಮಲ್ಲಿ ಬೇರೆ ಬೇರೆ ಧರ್ಮದ ಗ್ರಂಥಗಳಿಂದ ಓದ್ತಾರೆ, ಹಾಡ್ತಾರೆ, ಆದ್ರೆ ಹಾರ್ಮೋನಿಯಂ ತಬಲಾ ಏನೂ ಇಲ್ಲ, ಬರೀ ದನಿ, ಅದು ಅಷ್ಟು ಎತ್ತರದ ಹಾಲಲ್ಲಿ ಮೇಲೆ ಹೋಗಿ ತಿರುಗಿ ಬರೋದು ಕೇಳ್ಬೇಕು, ಗುರುಗಳು ಕಣ್ಣು ಮುಚ್ಚಿ ಕೂತವರು ಏಳೋ ಮಾತೇ ಇಲ್ಲ, ಹೊರಗೆ ನಮ್ಮ ಟ್ರಾವೆಲ್ಸ್‌ನವನ ಫೋನಿನ ಮೇಲೆ ಫೋನು. ಪ್ಯಾಕೇಜಲ್ಲಿ ಇಲ್ಲಿಗೆ ಅರ್ಧ ಗಂಟೆ ಕೊಟ್ಟು ಶಾಪಿಂಗಿಗೆ ಅರ್ಧ ದಿನ ಇಡೋದು ಯಾವ ಲೆಕ್ಕಾನೋ.

ಕಟ್ಟಡದ ಬಗ್ಗೆ ಹೇಳ್ಲೇಬೇಕು. ಇರಾನ್ ಮೂಲದ ಫರೀಬೋರ್ಜ್ ಸಾಹ್ಬಾ ಡಿಸೈನ್, 1986ರಲ್ಲಿ ಉದ್ಘಾಟನೆ, ಗ್ರೀಸ್‌ನಿಂದ ತಂದ ಬಿಳಿ ಮಾರ್ಬಲ್ ಹೊದಿಸಿದ 27 ದಳ, 9 ಬಾಗಿಲು, ಸುತ್ತ 9 ಕೊಳ.

ಎಂಟ್ರಿ ಫ್ರೀ, ಸೋಮವಾರ ರಜೆ, ಒಳಗೆ ಫೋಟೋ ತೆಗೆಯೋ ಹಾಗಿಲ್ಲ. ಕಾಲ್ಕಾಜಿ ಮಂದಿರ ಮೆಟ್ರೋ ಸ್ಟೇಷನ್ ಹತ್ರಾನೇ ಇದೆ, ಪ್ಯಾಕೇಜ್ ಗೊಡವೆ ಬೇಡ, ಮೆಟ್ರೋದಲ್ಲೇ ಹೋಗಿ.