ಹವಳದ ತೊಟ್ಟಿಯ ಬೆಳದಿಂಗಳು: ಬಿಡಿ ಎಲ್‌ಇಡಿಯೋ, ಸಿದ್ಧ ಪಟ್ಟಿಯೋ?

ತುಮಕೂರಿನಂತಹ ಒಳನಾಡಿನ ಊರಿನಲ್ಲಿ ಉಪ್ಪುನೀರಿನ ಹವಳದ ಅಕ್ವೇರಿಯಂ ಇಟ್ಟುಕೊಂಡು, ರಾತ್ರಿಯ ಮಂದ ನೀಲಿ ಬೆಳಕನ್ನು ಮನೆಯಲ್ಲೇ ಮಾಡಿಕೊಳ್ಳಬಯಸುವವರಿಗೆ ಎರಡು ದಾರಿಗಳಿವೆ: 12 ವೋಲ್ಟಿನ ನೀಲಿ ಎಲ್‌ಇಡಿ ಪಟ್ಟಿಯನ್ನು ಅಂಟಿಸುವುದು, ಇಲ್ಲವೇ 5 ಮಿ.ಮೀ. ಬಿಡಿ ಎಲ್‌ಇಡಿಗಳನ್ನು ಬೆಸುಗೆ ಹಾಕುವುದು.

ಪಟ್ಟಿಯದು ಸುಲಭದ ಕೆಲಸ. ಗುರುತಿರುವಲ್ಲಿ ಕತ್ತರಿಸಿ ಅಡಾಪ್ಟರಿಗೆ ಜೋಡಿಸಿದರೆ ಮುಗಿಯಿತು. ಆದರೆ ಬೆಳಕನ್ನು ತಗ್ಗಿಸುವ ಡಿಮ್ಮರ್ ಇಲ್ಲದಿದ್ದರೆ ಅದರ ಬೆಳಕು ರಾತ್ರಿಗೆ ಅತಿಯಾಗುತ್ತದೆ.

ಬಿಡಿ ಎಲ್‌ಇಡಿಗೆ ಸ್ವಲ್ಪ ಲೆಕ್ಕ ಬೇಕು. ಒಂದು ನೀಲಿ ಎಲ್‌ಇಡಿ ಸುಮಾರು 3.2 ವೋಲ್ಟ್ ತೆಗೆದುಕೊಳ್ಳುವುದರಿಂದ, ಮೂರನ್ನು ಸರಣಿಯಲ್ಲಿ ಜೋಡಿಸಿದಾಗ 12 ವೋಲ್ಟಿನಲ್ಲಿ 2.4 ವೋಲ್ಟ್ ಉಳಿಯುತ್ತದೆ. 20 ಮಿಲಿ ಆಂಪಿಯರಿಗೆ 120 ಓಮ್ ರೆಸಿಸ್ಟರ್ (ವಿದ್ಯುತ್ ಹರಿವನ್ನು ಮಿತಿಗೊಳಿಸುವ ಬಿಡಿಭಾಗ) ಸಾಕು. ನಾನು 470 ಓಮ್ ಹಾಕಿ ಬೆಳಕನ್ನು ಇನ್ನೂ ತಗ್ಗಿಸಿದ್ದೇನೆ. ಆ ಮೂರೇ ಚುಕ್ಕಿಗಳಿಂದ ನೀರಿನ ಅಲೆಗಳು ಮರಳಿನ ಮೇಲೆ ಬಲೆಯಂತೆ ಹೆಣೆದುಕೊಂಡು ಓಡಾಡುವುದನ್ನು ನೋಡಿದವರಿಗೆ ಪಟ್ಟಿಯ ಸಪಾಟು ಬೆಳಕು ರುಚಿಸುವುದು ಕಷ್ಟ.

ಉಪ್ಪಿನ ವಿಚಾರದಲ್ಲಿ ಮಾತ್ರ ಸಿಲಿಕೋನ್ ಹೊದಿಕೆಯ ಪಟ್ಟಿಯೇ ಮೇಲು. ಹೀಟ್ ಶ್ರಿಂಕ್ ಕೊಳವೆ (ಬಿಸಿ ಮಾಡಿದರೆ ಕುಗ್ಗಿ ಬೆಸುಗೆಯನ್ನು ಮುಚ್ಚುವ ಹೊದಿಕೆ) ಹಾಕದೆ ಬಿಟ್ಟಿದ್ದ ನನ್ನ ಮೊದಲ ಬೆಸುಗೆಯ ತಂತಿ ಕೆಲವೇ ತಿಂಗಳಲ್ಲಿ ಹಸಿರುಗಟ್ಟಿ ತುಂಡಾಯಿತು.

ಬೆಸುಗೆ ಬಲ್ಲವರಿಗೆ ಬಿಡಿ ಎಲ್‌ಇಡಿಯನ್ನೇ ಸೂಚಿಸುತ್ತೇನೆ. ಯಾವುದನ್ನೇ ಆರಿಸಿದರೂ ಟೈಮರ್ ಇರಲಿ: ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನ ಅನೇಕ ಹವಳಗಳು ಚಂದ್ರನ ಬೆಳಕು-ಕತ್ತಲೆಯನ್ನು ಗುರುತಿಸಿ ಹುಣ್ಣಿಮೆಯ ನಂತರದ ರಾತ್ರಿಗಳಲ್ಲಿ ಸಂತಾನಕಣಗಳನ್ನು ಬಿಡುಗಡೆ ಮಾಡುತ್ತವೆ, ಆದ್ದರಿಂದ ತೊಟ್ಟಿಯ ಹವಳಗಳಿಗೂ ಅಮಾವಾಸ್ಯೆಯ ಕತ್ತಲೆ ಬೇಕು.