ಲ್ವಾರ್ ಕಣಿವೆಯ ಸೈಕಲ್ ದಾರಿ: ಅರಮನೆಗಿಂತ ಏರಿಯೇ ಮೇಲು

ಮೊದಲೇ ಹೇಳಿಬಿಡುತ್ತೇನೆ: ಫ್ರಾನ್ಸಿನ ಲ್ವಾರ್ ನದಿಯ ಗುಂಟ ಸಾಗುವ ‘ಲ್ವಾರ್ ಆ ವೆಲೊ’ ಸೈಕಲ್ ದಾರಿಯನ್ನು ಇಡಿಯಾಗಿ ತುಳಿಯಬೇಕಾಗಿಲ್ಲ. ನೆವೇರ್ ಪಟ್ಟಣದ ಬಳಿಯಿಂದ ಅಟ್ಲಾಂಟಿಕ್ ಕಡಲಿನವರೆಗೆ ಸುಮಾರು 900 ಕಿ.ಮೀ. ಇರುವ ಈ ದಾರಿಯಲ್ಲಿ ಸೋಮ್ಯೂರ್ ಮತ್ತು ಬ್ಲ್ವಾ ಪಟ್ಟಣಗಳ ನಡುವಿನ ತುಂಡು ಸಾಕು. ಅದನ್ನೂ ಜಾಹೀರಾತಿನವರು ಹೇಳುವಂತೆ ಕಡಲಿನ ಕಡೆಗಲ್ಲ, ಕಡಲಿಗೆ ಬೆನ್ನು ಹಾಕಿ ತುಳಿಯಿರಿ.

ಕಾರಣ ಗಾಳಿ. ನದಿ ಹರಿಯುವ ದಿಕ್ಕಿಗೆ ಹೋದರೆ ಇಳಿಜಾರು ಸಿಕ್ಕೀತು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಈ ಭಾಗದಲ್ಲಿ ಕಣಿವೆ ಎಷ್ಟು ಸಮತಟ್ಟೆಂದರೆ ಆ ಇಳಿಜಾರು ಕಾಲಿಗೆ ಗೊತ್ತೇ ಆಗುವುದಿಲ್ಲ. ಹೆಚ್ಚಾಗಿ ಪಶ್ಚಿಮದಿಂದ ಬೀಸುವ ಗಾಳಿ ಮಾತ್ರ ನೇರವಾಗಿ ಎದೆಗೆ ಬಡಿಯುತ್ತದೆ. ನಾವು ತೂರ್‌ನಲ್ಲಿ ಸೈಕಲ್ ಬಾಡಿಗೆಗೆ ಪಡೆದು, ಅವುಗಳ ಸಮೇತ ರೈಲಿನಲ್ಲಿ ಸೋಮ್ಯೂರ್‌ಗೆ ಹೋಗಿ, ಅಲ್ಲಿಂದ ಪೂರ್ವಕ್ಕೆ ಹೊರಟೆವು. ಎದುರಿನಿಂದ ಬರುತ್ತಿದ್ದವರು ಹ್ಯಾಂಡಲ್ ಮೇಲೆ ಬಗ್ಗಿ, ಹಲ್ಲು ಕಚ್ಚಿಕೊಂಡೇ ‘ಬೊಂಜೂರ್’ ಎನ್ನುತ್ತಿದ್ದರು. ನಾವು ನೆಟ್ಟಗೆ ಕುಳಿತು, ಸಾವಕಾಶವಾಗಿ ಮರುವಂದನೆ ಹೇಳುತ್ತಿದ್ದೆವು.

ನಾವು ಎಂದರೆ ನಾನು ಮತ್ತು ಪ್ಯಾರಿಸ್‌ನಲ್ಲಿ ಕೆಲಸದಲ್ಲಿರುವ ತಂಗಿ. ನಾನು ಶಿರಸಿಯ ಏರುತಗ್ಗಿನ ರಸ್ತೆಗಳಲ್ಲಿ ಸೈಕಲ್ ತುಳಿದವಳು. ತಂಗಿಗೆ ಸೈಕಲ್ಲಿನ ನೆನಪೆಂದರೆ ಹೈಸ್ಕೂಲಿಗೆ ಹೋಗಲು ಅಪ್ಪ ಕೊಡಿಸಿದ್ದು ಒಂದೇ. ಹಾಗಾಗಿ ಅವಳಿಗೆ ಬ್ಯಾಟರಿಯದು, ನನಗೆ ಗೇರಿನದು. ಬ್ಯಾಟರಿ ಸೈಕಲ್ಲಿನ ನಿಜವಾದ ತೂಕ ಬಾಡಿಗೆ ಅಂಗಡಿಯಲ್ಲಿ ತಿಳಿಯುವುದಿಲ್ಲ. ರೈಲು ನಿಲ್ದಾಣದ ಮೆಟ್ಟಿಲುಗಳಲ್ಲಿ ತಿಳಿಯುತ್ತದೆ. ಒಂದು ಊರಿನಲ್ಲಿ ಪಡೆದ ಸೈಕಲನ್ನು ಇನ್ನೊಂದು ಊರಿನಲ್ಲಿ ಒಪ್ಪಿಸುವ ಸೌಲಭ್ಯ ಕೊಡುವ ಅಂಗಡಿಗಳು ಈ ಕಣಿವೆಯಲ್ಲಿವೆ. ಕೇಳಿ ಪಡೆಯಿರಿ, ಹಿಂದಿರುಗುವ ತಾಪತ್ರಯ ತಪ್ಪುತ್ತದೆ.

ಸೋಮ್ಯೂರ್ ಬಿಟ್ಟ ಕೂಡಲೇ ಈ ಪ್ರಯಾಣದ ಅತ್ಯಂತ ವಿಚಿತ್ರವಾದ ಜಾಗ ಬರುತ್ತದೆ. ಸೂಝೆ-ಶಾಂಪಿನ್ಯಿ ಎಂಬ ಹಳ್ಳಿಯಲ್ಲಿ ದಾರಿ ಬಂಡೆಯೊಳಗೇ ಹೊಕ್ಕುಬಿಡುತ್ತದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ತಣ್ಣನೆಯ ಮಬ್ಬು, ಇಕ್ಕೆಲದಲ್ಲೂ ಕಲ್ಲಿನಲ್ಲಿ ಕೊರೆದ ಬಾಗಿಲು ಕಿಟಕಿಗಳು. ಇಲ್ಲಿನ ಬಿಳಿಯ ಸುಣ್ಣಕಲ್ಲು, ತುಫೋ, ಬಹಳ ಮೆದು, ಕಡಿಯಲು ಸುಲಭ. ಲ್ವಾರ್ ದಂಡೆಯ ಅರಮನೆ, ಚರ್ಚು, ರೈತರ ಮನೆ ಬಹುಮಟ್ಟಿಗೆ ಈ ಕಲ್ಲಿನವೇ. ಮೇಲೆ ಹೊದಿಸಿದ ಕಪ್ಪು ಸ್ಲೇಟು ಆಂಜೆ ಬಳಿಯ ತ್ರೆಲಾಝೆಯ ಗಣಿಗಳದ್ದು. ಕಲ್ಲು ತೆಗೆದ ಪೊಳ್ಳುಗಳಲ್ಲಿ ಜನ ಸಂಸಾರ ಹೂಡಿದರು, ವೈನ್ ಇಟ್ಟರು, ಅಣಬೆ ಬೆಳೆದರು. ಮುಂದಿನ ತ್ಯುರ್ಕಾಂ ಊರಿನಲ್ಲಿ ಗುಹೆಯ ಒಲೆಗಳಲ್ಲಿ ಸೇಬು ಒಣಗಿಸಿ, ಬಡಿದು ಚಪ್ಪಟೆ ಮಾಡಿ ಕಾಪಿಡುತ್ತಿದ್ದರಂತೆ. ಈಗಲೂ ಅದನ್ನು ತೋರಿಸುತ್ತಾರೆ, ಮಾರುತ್ತಾರೆ. ರುಚಿ ನೋಡಿದ ತಂಗಿ, “ಅಕ್ಕ, ಇದಕ್ಕಿಂತ ನಮ್ಮ ಹಲಸಿನ ಹಪ್ಪಳವೇ ವಾಸಿ” ಎಂದಳು. ಒಲೆ ನೋಡಿ ಬಂದರೆ ಸಾಕು, ಸೇಬು ಕೊಳ್ಳಬೇಕಾಗಿಲ್ಲ.

ಕಾಂದ್ ಎಂಬ ಹಳ್ಳಿಯಲ್ಲಿ ವಿಯೆನ್ ನದಿ ಲ್ವಾರ್ ಸೇರುತ್ತದೆ. ತೂರ್‌ನ ಬಿಷಪ್ ಆಗಿದ್ದ ಸಂತ ಮಾರ್ಟಿನ್ 397ರಲ್ಲಿ ತೀರಿಕೊಂಡದ್ದು ಇಲ್ಲೇ. ಅವನ ಹೆಸರಿನ ಚರ್ಚು ಊರಿನಷ್ಟೇ ದೊಡ್ಡದಾಗಿದೆ. ಸಂಗಮ ಎಂದೊಡನೆ ನಮ್ಮ ಕಣ್ಣು ಸ್ನಾನಘಟ್ಟ ಹುಡುಕುತ್ತದೆ. ಇಲ್ಲಿ ನೀರಿಗೆ ಇಳಿಯಲೇಬೇಡಿ. ಬೇಸಿಗೆಯಲ್ಲಿ ಮೊಣಕಾಲುದ್ದ ಕಾಣುವ ಲ್ವಾರ್ ಒಳಗಿಂದೊಳಗೆ ಮರಳು ಜರುಗಿಸುವ ನದಿ. ಈಜಬಾರದೆಂಬ ಫಲಕಗಳನ್ನು ಸುಮ್ಮನೆ ನೆಟ್ಟಿಲ್ಲ. ಊರಿನ ಹಿಂದಿನ ಗುಡ್ಡ ಹತ್ತಿ ಮೇಲಿನಿಂದ ನೋಡಿ. ಏರು ಕಡಿದಾಗಿದೆ, ಬ್ಯಾಟರಿಯವಳು ನಗುತ್ತಾ ಮುಂದೆ ಹೋದಳು.

ಈಗ ಏರಿಯ ವಿಚಾರ. ನನ್ನ ಪೂರ್ತಿ ಅಂಕ ಸಲ್ಲುವುದು ಇದಕ್ಕೇ. ಉಸ್ಸೆ ಅರಮನೆ ದಾಟಿ ಬ್ರೆಹೆಮೋಂ ಕಡೆಗೆ ಹೋಗುವಾಗ ದಾರಿ ನದಿಯ ಏರಿಯ ಮೇಲೆ ಹತ್ತುತ್ತದೆ. ನಮ್ಮ ಕೆರೆ ಏರಿಯ ಹಾಗೆಯೇ, ಆದರೆ ಕೊನೆ ಕಾಣುವುದಿಲ್ಲ. ಎಡಕ್ಕೆ ಮರಳುದಿಬ್ಬಗಳ ನಡುವೆ ಕವಲೊಡೆದ ನದಿ, ಬಲಕ್ಕೆ ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿ ಹೊಲ, ತೋಟ, ಮನೆ. ಹನ್ನೆರಡನೆಯ ಶತಮಾನದ ಹೊತ್ತಿಗೇ ಇಲ್ಲಿ ಒಡ್ಡು ಕಟ್ಟಲು ತೊಡಗಿದ್ದರು. ಆಮೇಲೆ ಪ್ರವಾಹ ಬಂದಾಗಲೆಲ್ಲ ಏರಿ ಎತ್ತರಿಸುತ್ತಾ ಹೋದರು. ನದಿಯನ್ನು ಇಕ್ಕಟ್ಟಿಗೆ ಸಿಕ್ಕಿಸಿದಷ್ಟೂ ಅದು ಇನ್ನಷ್ಟು ಎತ್ತರಕ್ಕೆ ಏರಿತು. 1846, 1856, 1866ರಲ್ಲಿ ಇಪ್ಪತ್ತೇ ವರ್ಷದಲ್ಲಿ ಮೂರು ಮಹಾಪ್ರವಾಹಗಳು. 1856ರಲ್ಲಂತೂ ನೂರಕ್ಕೂ ಹೆಚ್ಚು ಕಡೆ ಏರಿ ಒಡೆಯಿತು. ನದಿಯಂಚಿನ ಊರುಗಳ ಗೋಡೆಗಳಲ್ಲಿ ಆ ವರ್ಷಗಳ ನೀರಿನ ಮಟ್ಟವನ್ನು ಗೀರಿ ಗುರುತಿಸಿದ್ದಾರೆ. ಅಂಥ ಒಂದು ಗೀರಿನ ಕೆಳಗೆ ಸೈಕಲ್ ಒರಗಿಸಿ ನಿಂತೆ. ಅದು ನನ್ನ ತಲೆಗಿಂತ ಮೇಲಿತ್ತು. ಅರಮನೆಗಳಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೇಳಿದ ರಾಜರ ಹೆಸರುಗಳು ಮರೆತಿವೆ. ಆ ಗೀರು ಮರೆತಿಲ್ಲ.

ಅರಮನೆಗಳೇ ಬೇಡವೆಂದಲ್ಲ. ವಿಲಾಂದ್ರಿಯ ತೋಟಕ್ಕೆ ಅರ್ಧ ದಿನ ಕೊಡಿ. 1906ರಲ್ಲಿ ಇದನ್ನು ಕೊಂಡ ಸ್ಪೇನ್ ಮೂಲದ ವೈದ್ಯ ವಿಜ್ಞಾನಿ ಹೊವಾಕಿಂ ಕಾರ್ವಾಯೊ ಹಳೆಯ ಮಾದರಿಯ ತೋಟವನ್ನು ಮತ್ತೆ ಕಟ್ಟಿಸಿದ. ಒಂಬತ್ತು ಚೌಕಗಳಲ್ಲಿ ಎಲೆಕೋಸು, ಬೀಟ್‌ರೂಟ್, ಕುಂಬಳ, ಮೆಣಸಿನ ಗಿಡಗಳನ್ನು ಬಣ್ಣ ನೋಡಿ ನೆಟ್ಟಿದ್ದಾರೆ. ಹಿತ್ತಿಲಿನ ತರಕಾರಿಗೆ ಇಷ್ಟು ಗೌರವ ಸಿಕ್ಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಂಬ್ವಾಜ್‌ನಲ್ಲಿ ಲಿಯೊನಾರ್ಡೊ ದ ವಿಂಚಿ ಕೊನೆಯ ದಿನಗಳನ್ನು ಕಳೆದು 1519ರಲ್ಲಿ ತೀರಿಕೊಂಡ ಮನೆ ಇದೆ. ನೂಕುನುಗ್ಗಲು ವಿಪರೀತ, ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಶಾಂಬೋರ್ ಅರಮನೆ ದೊಡ್ಡದಾಗಿದೆ.

ಊಟದ ಬಗ್ಗೆ ಸಸ್ಯಾಹಾರಿಗಳಿಗೆ ಎರಡು ಮಾತು. ಹಳ್ಳಿಯ ಹೋಟೆಲುಗಳ ಅಡುಗೆಮನೆ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಮಾತ್ರ. ಎರಡೂಕಾಲಿಗೆ ಹೋಗಿ ಹಸಿವಿನ ಮುಖ ತೋರಿಸಿದರೂ ಯಾರೂ ಕರಗುವುದಿಲ್ಲ. ಬೆಳಗ್ಗೆಯೇ ಬ್ರೆಡ್ಡಿನ ಅಂಗಡಿಯಲ್ಲಿ ಬಾಗೆತ್ ಕೊಂಡುಬಿಡಿ. ಜೊತೆಗೆ ನಡುವೆ ಹುಲ್ಲುಕಡ್ಡಿ ತೂರಿಸಿದ ಸೇಂತ್-ಮೋರ್ ಎಂಬ ಮೇಕೆ ಹಾಲಿನ ಚೀಸ್, ಟೊಮೆಟೊ, ಊರಿನಿಂದ ತಂದ ಚಟ್ನಿಪುಡಿ: ನಮ್ಮ ಮಧ್ಯಾಹ್ನಗಳು ಹೀಗೆ ಸುಖವಾಗಿ ಕಳೆದವು. (ಕಟ್ಟುನಿಟ್ಟಿನವರು ಗಮನಿಸಿ, ಅಲ್ಲಿನ ಸಾಂಪ್ರದಾಯಿಕ ಚೀಸ್‌ಗೆ ಹೆಪ್ಪು ಹಾಕುವುದು ಕರುವಿನ ಜಠರದ ರೆನೆಟ್‌ನಿಂದ.) ಸೋಮ್ಯೂರ್ ಕಡೆ ಗುಹೆಗಳಲ್ಲಿ ಕೊಡುವ ‘ಫುವೆ’ ಎಂಬ ಉಬ್ಬಿದ ಪುಟ್ಟ ರೊಟ್ಟಿಯನ್ನು ಒಲೆಯಿಂದ ತೆಗೆದ ಬಿಸಿಯಲ್ಲೇ ಸೀಳಿ, ಬಿಳಿ ಬೀನ್ಸ್ ಕಾಳಿನ ಪಲ್ಯ ತುಂಬಿ ತಿನ್ನಬಹುದು, ಹಂದಿಮಾಂಸದ ಹೂರಣ ಬೇಡವೆಂದು ಮೊದಲೇ ಹೇಳಬೇಕು. ಕುಡಿಯುವ ನೀರಿಗೆ ಅಲ್ಲಿನ ಸೈಕಲ್ ಸವಾರರು ಹೋಗುವುದು ಸ್ಮಶಾನಕ್ಕೆ. ಸಮಾಧಿಯ ಹೂಗಿಡಗಳಿಗೆಂದು ಬಹುತೇಕ ಎಲ್ಲ ಊರಿನಲ್ಲೂ ನಲ್ಲಿ ಇರುತ್ತದೆ. ಕುಡಿಯಲು ಯೋಗ್ಯವಲ್ಲವೆಂಬ ಫಲಕ ಇದೆಯೇ ಎಂದು ನೋಡಿಕೊಂಡರಾಯಿತು. ನಮ್ಮ ಅಜ್ಜಿಗೆ ತಿಳಿದರೆ ಮನೆಯೊಳಗೆ ಸೇರಿಸುವ ಮೊದಲು ಎರಡು ಸಲ ಸ್ನಾನ ಮಾಡಿಸುತ್ತಿದ್ದಳು.

ವಸತಿಗೆ ‘ಆಕ್ಯೋಯ್ ವೆಲೊ’ ಎಂಬ ಗುರುತಿನ ಫಲಕ ಹುಡುಕಿ. ಸೈಕಲ್ ದಾರಿಯಿಂದ ಐದು ಕಿ.ಮೀ. ಒಳಗಿದ್ದು, ಭದ್ರವಾದ ನಿಲುಗಡೆ, ರಿಪೇರಿ ಸಾಮಾನು ಇಟ್ಟಿರುವವರಿಗಷ್ಟೇ ಇದನ್ನು ಕೊಡುತ್ತಾರೆ. ಬಹುಪಾಲು ಕಡೆ ಮಾತಿಗೆ ತಪ್ಪಲಿಲ್ಲ. ಒಂದು ಕಡೆ ಮಾತ್ರ ‘ಭದ್ರವಾದ ನಿಲುಗಡೆ’ ಎಂದರೆ ಹುಲ್ಲು ಕತ್ತರಿಸುವ ಯಂತ್ರದ ಪಕ್ಕದ, ಚಿಲಕವೇ ಇಲ್ಲದ ಶೆಡ್ಡು. ತಂಗಿ ತನ್ನ ಬ್ಯಾಟರಿಯನ್ನು ಕಳಚಿ ತಂದು ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡು ಮಲಗಿದಳು.

ಬ್ಲ್ವಾದಲ್ಲಿ ಅವಳು ರೈಲು ಹತ್ತಿದಳು. ನಾನು ಹಟಕ್ಕೆ ಓರ್ಲೆಯಾಂವರೆಗೂ ತುಳಿದೆ. ಬೋಜ್ಯಾನ್ಸಿಯ ಹಳೆಯ ಕಲ್ಲುಸೇತುವೆ ಬಿಟ್ಟರೆ ಅಲ್ಲಿ ಬಹಳ ಹೊತ್ತು ಜೊತೆಗಿರುವುದು ಸೇಂಟ್ ಲೊರಾಂ ಅಣುಸ್ಥಾವರದ ಶೈತ್ಯಗೋಪುರಗಳು. ಎಷ್ಟು ತುಳಿದರೂ ಅವು ಹಿಂದೆ ಸರಿಯುವುದಿಲ್ಲ. ಯುನೆಸ್ಕೊ 2000ದಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಕಣಿವೆಯ ನಡುವೆಯೇ ಇದೂ ನಿಂತಿದೆ ಎಂಬುದು ತಮಾಷೆ.

ದಾರಿಗುರುತುಗಳು ಚೆನ್ನಾಗಿವೆ, ಆದರೆ ಅವು ಅರಮನೆಯ ದ್ವಾರಗಳ ಕಡೆಗೆ ತುಸು ಹೆಚ್ಚೇ ಎಳೆಯುತ್ತವೆ. ನಕಾಶೆಯಲ್ಲಿ ನದಿಗೆ ಹತ್ತಿರದ ಗೆರೆ ಯಾವುದೆಂದು ನೋಡಿಕೊಳ್ಳಿ. ಜುಲೈ, ಆಗಸ್ಟ್ ಬೇಡ: ರೈಲುಗಳಲ್ಲಿ ಸೈಕಲ್ ಇಡುವ ಜಾಗಕ್ಕೂ ಪೈಪೋಟಿ. ಸೆಪ್ಟೆಂಬರಿನಲ್ಲಿ ದ್ರಾಕ್ಷಿ ಕೊಯ್ಲು ನೋಡಲೂ ಸಿಗುತ್ತದೆ. ಹೊರಡುವ ದಿನ ಸೋಮವಾರ ಆಗದಿರಲಿ, ಅಂದು ಹಳ್ಳಿಯ ಅಂಗಡಿಗಳಲ್ಲಿ ಅರ್ಧಕ್ಕರ್ಧ ಬಾಗಿಲು ಹಾಕಿರುತ್ತವೆ.